ಮಾರುವವರು ಜಾಗದ ಒಂದು ಭಾಗ ಉಳಿಸಿಕೊಂಡಾಗ ಮನೆ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಮನೆ ಕೊಳ್ಳಬಹುದಾ? ಸುಮ್ನೆ ತಲೆನೋವು ತಂದುಕೊಂಡ ಹಾಗಾಗುತ್ತದಾ?

ಧಾರಾಳವಾಗಿ ಕೊಳ್ಳಬಹುದು. ಹಳೆಯ ಮನೆ, ಸುತ್ತ ವಿಶಾಲವಾದ ಜಾಗ. ಮಾರುವವರು ಮನೆ ಮತ್ತು ಅಂಗಳ ಕೊಟ್ಟು, ಹಿಂದಿನ ತೋಟವನ್ನೋ ಪಕ್ಕದ ಖಾಲಿ ಜಾಗವನ್ನೋ ತಮಗೇ ಇಟ್ಟುಕೊಳ್ಳುತ್ತಾರೆ. ಇದು ಎಲ್ಲ ಕಡೆ ನಡೆಯುವ ವ್ಯವಹಾರ.

ಮಾಮೂಲಿ ಖರೀದಿಯಲ್ಲಿ ನೋಂದಣಿ ಮುಗಿದ ಮೇಲೆ ಮಾರಿದವರಿಗೂ ನಿಮಗೂ ಸಂಬಂಧ ಮುಗಿಯಿತು. ಇಲ್ಲಿ ಹಾಗಲ್ಲ. ಮಾರಿದವರೇ ನಿಮ್ಮ ಪಕ್ಕದ ಜಾಗದವರಾಗುತ್ತಾರೆ. ನಾಳೆ ಅವರು ಅದನ್ನೂ ಮಾರಿದರೆ ಯಾರೋ ಹೊಸಬರು ಬರುತ್ತಾರೆ. ಆ ಹೊಸಬರಿಗೆ ಇವತ್ತಿನ ಮಾತುಕತೆ ಏನೂ ಗೊತ್ತಿರುವುದಿಲ್ಲ. ಅವರ ಮುಂದೆ ನಿಲ್ಲುವುದು ಪತ್ರದಲ್ಲಿ ಬರೆದದ್ದು ಮಾತ್ರ. ಹಾಗಾಗಿ ಪತ್ರ ಬರೆಸುವಾಗ ಮಾರುವವರ ಒಳ್ಳೆಯತನ ನೋಡಿ ಬರೆಸಬೇಡಿ. ಅವರ ನಂತರ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿ.

ಯಾಕೆ ಉಳಿಸಿಕೊಳ್ಳುತ್ತಿದ್ದೀರಿ ಅಂತ ಕೇಳಬಹುದಾ?

ಕೇಳಲೇಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ಮಕ್ಕಳಿಗೆ ಮನೆ ಕಟ್ಟಲು, ಬೆಲೆ ಏರಿದ ಮೇಲೆ ಮಾರಲು, ಬೇಸಾಯ ಮುಂದುವರಿಸಲು, ಹೀಗೆ ಕಾರಣ ಏನಾದರೂ ಇರಬಹುದು. ಯಾವುದೂ ತಪ್ಪಲ್ಲ. ಆದರೆ ಒಂದೊಂದು ಕಾರಣಕ್ಕೂ ಪತ್ರದಲ್ಲಿ ಬೇರೆ ಬೇರೆ ಷರತ್ತು ಬೇಕಾಗುತ್ತದೆ. ಬೇಸಾಯವಾದರೆ ನೀರು ಮತ್ತು ಗಾಡಿ ಓಡಾಟದ ಪ್ರಶ್ನೆ. ಕಟ್ಟಡವಾದರೆ ಗಾಳಿ, ಬೆಳಕು, ಎತ್ತರದ ಪ್ರಶ್ನೆ. "ಸದ್ಯಕ್ಕೆ ಏನೂ ಯೋಚನೆ ಇಲ್ಲ" ಎಂಬ ಉತ್ತರ ಬಂದರೆ ಕಟ್ಟಡ ಬರುತ್ತದೆ ಎಂದುಕೊಂಡೇ ಮುಂದುವರಿಯಿರಿ.

ಗಡಿ ಎಲ್ಲಿ ಅಂತ ತೋರಿಸಿದ್ದಾರೆ. ಅಷ್ಟು ಸಾಕಾ?

ಸಾಲದು. ಕೈ ಚಾಚಿ "ಆ ಮರದಿಂದ ಈ ಗೋಡೆವರೆಗೆ" ಎಂದದ್ದು ಗಡಿಯಲ್ಲ. ಒಂದೇ ಆಸ್ತಿಯನ್ನು ಎರಡು ಮಾಡುತ್ತಿರುವುದರಿಂದ ನಡುವಿನ ಗೆರೆ ಇಲ್ಲಿಯವರೆಗೆ ಯಾವ ದಾಖಲೆಯಲ್ಲೂ ಇಲ್ಲ. ಅದು ಈಗ ಹೊಸದಾಗಿ ಹುಟ್ಟಬೇಕು. ಅನುಮತಿ ಪಡೆದ ಸರ್ವೆಯರ್‌ನಿಂದ ಅಳತೆ ಮಾಡಿಸಿ, ಮೂಲೆಗಳಲ್ಲಿ ಕಲ್ಲು ನೆಡಿಸಿ, ನಕ್ಷೆ ಮಾಡಿಸಿ. ಆ ನಕ್ಷೆ ಕ್ರಯಪತ್ರದ ಭಾಗವಾಗಿರಬೇಕು. ಪ್ರತಿ ಬದಿಯ ಉದ್ದ, ಒಟ್ಟು ವಿಸ್ತೀರ್ಣ, ನಾಲ್ಕೂ ಕಡೆಯ ಚಕ್ಕುಬಂದಿ (ಯಾವ ದಿಕ್ಕಿಗೆ ಏನಿದೆ, ಯಾರ ಜಾಗವಿದೆ ಎಂಬ ವಿವರ) ಇರಬೇಕು. ಉಳಿದ ಜಾಗದ ಅಳತೆಯೂ ಅದೇ ನಕ್ಷೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಕೂಡಿದರೆ ಹಳೆಯ ಪತ್ರದ ಒಟ್ಟು ವಿಸ್ತೀರ್ಣಕ್ಕೆ ಹೊಂದುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಸರ್ವೆ ದಿನ ನೀವೂ ಹೋಗಿ. ಟೇಪು ಹಿಡಿದ ಜಾಗದಲ್ಲಿ ನಿಂತು ಮೇಲೆ ನೋಡಿ. ಮಹಡಿಯ ಸಜ್ಜಾ ಗೆರೆಯ ಆಚೆ ಚಾಚಿದೆಯಾ? ಸೂರಿನ ನೀರು ಯಾರ ನೆಲದ ಮೇಲೆ ಬೀಳುತ್ತದೆ? ಹಿಂಬದಿ ಗೋಡೆಗೆ ಸುಣ್ಣ ಬಳಿಯಲು ಏಣಿ ಎಲ್ಲಿ ಇಡಬೇಕು? ಗೋಡೆಗೆ ಅಂಟಿದಂತೆ ಗಡಿ ಬಂದರೆ ನಿಮ್ಮದೇ ಗೋಡೆಯ ಬಿರುಕು ಮುಚ್ಚಲು ಪಕ್ಕದವರ ಅನುಮತಿ ಕೇಳಬೇಕಾಗುತ್ತದೆ. ಗೆರೆಯನ್ನು ಸ್ವಲ್ಪ ಆಚೆ ತಳ್ಳಲು ಕೇಳುವ ಸಮಯ ಇದೇ. ಆಮೇಲೆ ಆ ಪಟ್ಟಿ ಎಷ್ಟು ದುಡ್ಡು ಕೊಟ್ಟರೂ ಸಿಗದೆ ಹೋಗಬಹುದು.

ಜಾಗ ಭಾಗ ಮಾಡಲು ಸರ್ಕಾರದ ಒಪ್ಪಿಗೆ ಬೇಕಾ?

ಬಹುತೇಕ ಕಡೆ ಬೇಕು. ನಿವೇಶನದ ಕನಿಷ್ಠ ವಿಸ್ತೀರ್ಣ, ರಸ್ತೆಗೆ ತಾಗಿರಬೇಕಾದ ಅಗಲ, ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ, ಇವಕ್ಕೆಲ್ಲ ಸ್ಥಳೀಯ ನಿಯಮಗಳಿರುತ್ತವೆ. ದೊಡ್ಡ ಜಾಗದ ನಡುವೆ ಇದ್ದಾಗ ನಿಯಮಕ್ಕೆ ಸರಿಯಾಗಿದ್ದ ಮನೆ, ಭಾಗ ಮಾಡಿದ ಮೇಲೆ ನಿಯಮ ಮೀರಿದ ಮನೆ ಆಗಿಬಿಡಬಹುದು. ಮುಂದೆ ಒಂದು ಕೋಣೆ ಸೇರಿಸಲು ಹೋದಾಗ ಅನುಮತಿ ಸಿಗುವುದಿಲ್ಲ. ವಿಭಜನೆಯ ಮಂಜೂರಾತಿ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡುವುದು, ಬರದಿದ್ದರೆ ಮುಂಗಡ ವಾಪಸ್ಸು, ಎಂದು ಕರಾರಿನಲ್ಲಿ ಹಾಕಿಸಿ.

ಪೂರ್ತಿ ಜಾಗದ ಮೇಲೆ ಅವರದು ಬ್ಯಾಂಕ್ ಸಾಲ ಇದೆ. ಏನು ಮಾಡಬೇಕು?

ಇಡೀ ಆಸ್ತಿ ಅಡವಿದ್ದರೆ ನೀವು ಕೊಳ್ಳುವ ತುಂಡೂ ಅಡವೇ. ಮಾರುವವರು ಉಳಿದ ಜಾಗಕ್ಕೆ ಸಾಲ ಮುಂದುವರಿಸುತ್ತೇವೆ ಎನ್ನಬಹುದು. ಆದರೆ ನಿಮ್ಮ ಭಾಗವನ್ನು ಅಡಮಾನದಿಂದ ಬಿಡುಗಡೆ ಮಾಡಿದ ಪತ್ರ ಬ್ಯಾಂಕಿನಿಂದಲೇ ಬರಬೇಕು. ಮಾರುವವರ ಭರವಸೆ ಅದಕ್ಕೆ ಬದಲಿಯಾಗುವುದಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಉಳಿದ ಜಾಗ ಅಡವಿನಲ್ಲೇ ಇದ್ದರೆ, ಅದರ ಮೇಲೆ ನಿಮಗೆ ದಾರಿ ಹಕ್ಕು ಕೊಡುವುದಕ್ಕೂ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಇಲ್ಲವಾದರೆ ಸಾಲ ಕಟ್ಟದೆ ಜಾಗ ಹರಾಜಾದಾಗ ನಿಮ್ಮ ದಾರಿಯ ಹಕ್ಕೇ ಅಲುಗಾಡುತ್ತದೆ.

ನಮ್ಮ ಮನೆಗೆ ಹೋಗುವ ದಾರಿ ಅವರು ಉಳಿಸಿಕೊಂಡ ಜಾಗದಲ್ಲಿದೆ. "ಯಾವಾಗ ಬೇಕಾದರೂ ಓಡಾಡಿ, ಯಾರು ಬೇಡ ಅಂತಾರೆ" ಅಂದಿದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಜಗಳ ಹುಟ್ಟುವುದು ಇಲ್ಲೇ.

ಬಾಯಿಮಾತಿನ ಒಪ್ಪಿಗೆ ಬರೀ ಅನುಮತಿ. ಹಕ್ಕು ಬೇರೆ. ಒಂದು ಜಾಗದ ಅನುಕೂಲಕ್ಕಾಗಿ ಪಕ್ಕದವರ ಜಾಗದ ಮೇಲೆ ಇರುವ ಹಕ್ಕಿಗೆ ಕಾನೂನಿನಲ್ಲಿ ಈಸ್‌ಮೆಂಟ್ ಎನ್ನುತ್ತಾರೆ. ಭಾರತದ 1882ರ ಈಸ್‌ಮೆಂಟ್ ಕಾಯಿದೆ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುತ್ತದೆ. ಅದರ 59ನೇ ಕಲಮಿನ ಪ್ರಕಾರ, ಅನುಮತಿ ಕೊಟ್ಟವರು ಜಾಗ ಮಾರಿದರೆ ಕೊಂಡವರು ಆ ಅನುಮತಿಗೆ ಬದ್ಧರಲ್ಲ. ಅಂದರೆ ಮಾರಿದವರು ದೇವರಂಥವರೇ ಇರಬಹುದು, ಅವರಿಂದ ಕೊಂಡವರು ಮಾರನೆಯ ದಿನ ಗೇಟು ಹಾಕಬಹುದು. ಈಸ್‌ಮೆಂಟ್ ಹಾಗಲ್ಲ. ಅದು ಜಾಗಕ್ಕೆ ಅಂಟಿದ ಹಕ್ಕು, ಜಾಗ ಯಾರ ಕೈ ಸೇರಿದರೂ ಜೊತೆಗೇ ಹೋಗುತ್ತದೆ.

ದಾರಿಯೇ ಇಲ್ಲದ ಮನೆಗೆ ಕಾನೂನೇ ದಾರಿ ಕೊಡಿಸುತ್ತದೆ ಅಂತಾರಲ್ಲ?

ಹೌದು, ಹಲವು ದೇಶಗಳ ಕಾನೂನು ಹಾಗೆ ಹೇಳುತ್ತದೆ. ಭಾರತದಲ್ಲಿ ಅದೇ ಕಾಯಿದೆಯ 13ನೇ ಕಲಂ ಇದೆ. ಒಬ್ಬರು ಜಾಗದ ಭಾಗ ಮಾರಿದಾಗ, ಕೊಂಡ ಭಾಗವನ್ನು ಅನುಭವಿಸಲು ಅನಿವಾರ್ಯವಾದ ಹಕ್ಕು ಉಳಿದ ಭಾಗದ ಮೇಲೆ ಸಿಗುತ್ತದೆ. ಫ್ರಾನ್ಸಿನ ಸಿವಿಲ್ ಸಂಹಿತೆಯ 684ನೇ ವಿಧಿ, ಜಾಗ ಭಾಗವಾಗಿದ್ದರಿಂದಲೇ ದಾರಿ ತಪ್ಪಿದ್ದರೆ ಆ ಭಾಗವಾದ ಜಾಗಗಳ ಮೇಲೆಯೇ ದಾರಿ ಕೇಳಬೇಕು ಎನ್ನುತ್ತದೆ. ಜರ್ಮನಿಯ ಸಿವಿಲ್ ಸಂಹಿತೆಯ 918ನೇ ಕಲಮಿನಲ್ಲೂ ಇಂಥದೇ ನಿಯಮವಿದೆ.

ಆದರೆ ಇದನ್ನು ನಂಬಿ ಕೂರಬೇಡಿ. ಅನಿವಾರ್ಯ ಎಂದರೆ ಬೇರೆ ದಾರಿಯೇ ಇಲ್ಲ ಎಂದರ್ಥ. ಮನೆ ಹಿಂದೆ ಒಂದು ಕಿರಿದಾದ ಓಣಿ ಇದ್ದರೂ "ನಿಮಗೆ ದಾರಿ ಇದೆಯಲ್ಲ" ಎಂದುಬಿಡಬಹುದು, ಅಲ್ಲಿ ಕಾರು ಹೋಗದಿದ್ದರೂ ಕೂಡ. ಮುಂದೆ ಬೇರೆ ರಸ್ತೆ ಸಿಕ್ಕಿತು ಅಂದುಕೊಳ್ಳಿ, ಅನಿವಾರ್ಯತೆಯ ಜೊತೆಗೆ ಈ ಹಕ್ಕೂ ಮುಗಿಯುತ್ತದೆ. ಭಾರತದ ಕಾಯಿದೆಯಲ್ಲಿ ಅದು 41ನೇ ಕಲಂ. ದಾರಿ ಎಲ್ಲಿ ಹಾದುಹೋಗಬೇಕು ಎಂದು ಗುರುತಿಸುವವರೂ ಮೊದಲಿಗೆ ಮಾರಿದವರೇ, ಅದು ನಿಮಗೆ ತಕ್ಕಮಟ್ಟಿಗೆ ಅನುಕೂಲವಾಗಿರಬೇಕು ಅಷ್ಟೆ. ಜೊತೆಗೆ ಈ ಹಕ್ಕನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಪತ್ರದಲ್ಲಿ ನಾಲ್ಕು ಸಾಲು ಬರೆಸಿದ್ದರೆ ಆ ಓಡಾಟ ತಪ್ಪುತ್ತದೆ.

ದಾರಿ ಬಗ್ಗೆ ಆ ನಾಲ್ಕು ಸಾಲಿನಲ್ಲಿ ಏನಿರಬೇಕು?

ಮೊದಲನೆಯದು, ಎಲ್ಲಿಂದ ಎಲ್ಲಿಗೆ ಮತ್ತು ಎಷ್ಟು ಅಗಲ. ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಬೇಕು. ಅಗಲದ ವಿಷಯದಲ್ಲಿ ಜಿಪುಣತನ ಬೇಡ. ಇವತ್ತು ನಿಮ್ಮ ಬೈಕು ಹೋದರೆ ಸಾಕು ಅನ್ನಿಸಬಹುದು. ಆಂಬುಲೆನ್ಸ್ ಬರಬೇಕಾದ ದಿನ, ಮರಳಿನ ಲಾರಿ ಬರಬೇಕಾದ ದಿನ ಯೋಚಿಸಿ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಇಂಟರ್‌ನ್ಯಾಷನಲ್ ಫೈರ್ ಕೋಡ್, ಅಗ್ನಿಶಾಮಕ ವಾಹನದ ದಾರಿಗೆ 20 ಅಡಿ ಅಗಲ ಕೇಳುತ್ತದೆ. ಮನೆಯೊಂದಕ್ಕೆ ಅಷ್ಟು ಸಿಗುವುದು ಕಷ್ಟವಿರಬಹುದು, ಆದರೆ ಎಷ್ಟು ಕೇಳಬೇಕು ಎಂಬ ಅಂದಾಜಿಗೆ ಅದು ಬೇಕಾಗುತ್ತದೆ.

ಎರಡನೆಯದು, ಯಾರು, ಯಾವುದರಲ್ಲಿ, ಯಾವಾಗ. "ಕೊಂಡವರು ಮತ್ತು ಅವರ ವಾರಸುದಾರರು, ಮುಂದೆ ಕೊಳ್ಳುವವರು, ಬಾಡಿಗೆದಾರರು, ಬಂದುಹೋಗುವವರು, ಕಾಲ್ನಡಿಗೆಯಲ್ಲೂ ಎಲ್ಲ ಬಗೆಯ ವಾಹನಗಳಲ್ಲೂ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ" ಎಂದು ಬಿಡಿಸಿ ಬರೆಸಿ. "ಓಡಾಡಲು ದಾರಿ" ಎಂದಷ್ಟೇ ಇದ್ದರೆ ನಾಳೆ ಕಾಲ್ನಡಿಗೆಗೆ ಮಾತ್ರ ಎಂದು ವಾದ ಶುರುವಾಗುತ್ತದೆ.

ದಾರಿಯ ನೆಲದಡಿ ಪೈಪು, ತಂತಿ ಹಾಕುವ ಹಕ್ಕನ್ನೂ ಅಲ್ಲೇ ಸೇರಿಸಿ. ನಡೆಯುವ ಹಕ್ಕು ಇದೆ ಎಂದ ಮಾತ್ರಕ್ಕೆ ಅಗೆಯುವ ಹಕ್ಕು ಬರುವುದಿಲ್ಲ. ದುರಸ್ತಿ ಯಾರು, ಖರ್ಚು ಹೇಗೆ ಹಂಚಿಕೆ, ಗೇಟು ಹಾಕಬಹುದಾ, ಹಾಕಿದರೆ ಬೀಗದ ಕೈ ಯಾರ ಬಳಿ, ದಾರಿಯಲ್ಲಿ ಗಾಡಿ ನಿಲ್ಲಿಸಬಹುದಾ, ಇದನ್ನೆಲ್ಲ ಬರೆದಿಡಿ. ಓದುವಾಗ ಅತಿಯಾಯಿತು ಅನ್ನಿಸಬಹುದು. ಆದರೆ ನೆರೆಹೊರೆಯವರ ಜಗಳ ಬಹುತೇಕ ಗೇಟು ಮತ್ತು ನಿಲ್ಲಿಸಿದ ಗಾಡಿಯಿಂದಲೇ ಶುರುವಾಗುವುದು.

ಕೊನೆಯದಾಗಿ, ಉಳಿದ ಜಾಗದಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರ ಸಹಿ ಬೇಕು. ಮನೆ ಅಣ್ಣನ ಹೆಸರಲ್ಲಿದ್ದು ಹಿಂದಿನ ಜಾಗ ಅಣ್ಣ ತಮ್ಮ ಇಬ್ಬರದೂ ಆಗಿದ್ದರೆ ತಮ್ಮನ ಸಹಿ ಇಲ್ಲದ ದಾರಿ ಹಕ್ಕು ಅರ್ಧಂಬರ್ಧ.

ನೀರು, ಚರಂಡಿ, ಕರೆಂಟು?

ಮನೆ ನೋಡಲು ಹೋದಾಗ ಗೋಡೆ ಬಣ್ಣ ನೋಡುವ ಬದಲು ನಲ್ಲಿ ತಿರುಗಿಸಿ, ಆ ನೀರು ಎಲ್ಲಿಂದ ಬಂತು ಎಂದು ಹಿಂಬಾಲಿಸಿ. ಟ್ಯಾಂಕಿನಿಂದ ಪೈಪು, ಪೈಪಿನಿಂದ ಮೋಟಾರು, ಮೋಟಾರಿನಿಂದ ಕೊಳವೆಬಾವಿ. ಕೊಳವೆಬಾವಿ ಗೆರೆಯ ಆಚೆ ಇದೆಯಾ? ಮೋಟಾರಿನ ಸ್ವಿಚ್ ಯಾರ ಮೀಟರಿಗೆ ಸೇರಿದೆ? ಆಮೇಲೆ ಬಚ್ಚಲಿನಲ್ಲಿ ಒಂದು ಬಕೆಟ್ ನೀರು ಸುರಿದು ಹೊರಗೆ ಬನ್ನಿ. ನೀರು ಯಾವ ಚೇಂಬರಿನಲ್ಲಿ ಕಾಣಿಸುತ್ತದೆ? ಅಲ್ಲಿಂದ ಮುಂದೆ ಎಲ್ಲಿಗೆ? ಮನೆ ಕಟ್ಟಿದಾಗ ಇಡೀ ಜಾಗ ಒಬ್ಬರದೇ ಆಗಿದ್ದರಿಂದ ಪೈಪುಗಳು ಹತ್ತಿರದ ದಾರಿ ಹಿಡಿದಿರುತ್ತವೆ. ಗಡಿಯ ಲೆಕ್ಕ ಆಗ ಯಾರಿಗೂ ಇರಲಿಲ್ಲ.

ಶೌಚದ ಗುಂಡಿ ಅವರ ಭಾಗದಲ್ಲಿ ಉಳಿದರೆ ಎರಡೇ ದಾರಿ. ನಿಮ್ಮ ಜಾಗದಲ್ಲೇ ಹೊಸದು ಮಾಡಿಸಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇಲ್ಲವೇ ಗುಂಡಿ ಬಳಸುವ, ತೆರೆಯುವ, ಸ್ವಚ್ಛ ಮಾಡುವ ವಾಹನ ಅಲ್ಲಿಯವರೆಗೆ ಬರುವ ಹಕ್ಕನ್ನು ಬರೆಸಿ. ಮೊದಲನೆಯದು ಎಷ್ಟೋ ಮೇಲು. ಬೇರೆಯವರ ನೆಲದಲ್ಲಿರುವ ನಿಮ್ಮ ಗುಂಡಿ ತುಂಬಿ ಹರಿದ ದಿನ ಯಾವ ಪತ್ರವೂ ಸಂಬಂಧ ಉಳಿಸುವುದಿಲ್ಲ. ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ 30 ಮೀಟರಿನಷ್ಟು ಅಂತರ ಬೇಕೆಂಬ ನಿಯಮ ಹಲವು ಕಡೆ ಇದೆ. ಅವರು ನಾಳೆ ತಮ್ಮ ಕಡೆ ಏನು ತೋಡಬಹುದು ಎಂಬುದೂ ನಿಮ್ಮ ಲೆಕ್ಕದಲ್ಲಿರಲಿ.

ಮಳೆನೀರನ್ನು ಮರೆಯಬೇಡಿ. ಇಳಿಜಾರು ಯಾವ ಕಡೆಗೆ? ಅವರು ನಾಳೆ ಮಣ್ಣು ತುಂಬಿಸಿ ತಮ್ಮ ಜಾಗ ಎತ್ತರಿಸಿದರೆ ನೀರು ನಿಮ್ಮ ಹೊಸ್ತಿಲಿಗೆ ಬರುತ್ತದಾ?

ಪೈಪು ಮೊದಲಿನಿಂದ ಅಲ್ಲೇ ಇದೆ. ಬರೆಸದಿದ್ದರೂ ಹಕ್ಕು ಇರುವುದಿಲ್ಲವಾ?

ಇರಬಹುದು. ಕಣ್ಣಿಗೆ ಕಾಣುವ ಗುರುತಿದ್ದು, ತಾನಾಗಿ ನಡೆಯುತ್ತಿರುವ ಅನುಕೂಲ, ಮಾರಾಟದ ದಿನ ಅನುಭವದಲ್ಲಿದ್ದರೆ ಅದು ಕೊಂಡವರಿಗೆ ಬರುತ್ತದೆ ಎಂಬ ತತ್ವ ಭಾರತದಲ್ಲೂ ಇಂಗ್ಲೆಂಡಿನಲ್ಲೂ ಇದೆ. ತಿಳಿದವರು ಹುಡುಕಿದರೆ ಕಾಣುವ ಚರಂಡಿ ಇದರಲ್ಲಿ ಸೇರುತ್ತದೆ. ಆದರೆ ದಾರಿಯಲ್ಲಿ ಓಡಾಡುವುದು ಭಾರತದ ಕಾಯಿದೆಯ ಪ್ರಕಾರ ತಾನಾಗಿ ನಡೆಯುವ ಅನುಕೂಲವಲ್ಲ. ಪ್ರತಿ ಸಲ ಮನುಷ್ಯ ನಡೆಯಬೇಕಲ್ಲ. ಹಾಗಾಗಿ ಬರೀ ಅನುಕೂಲಕ್ಕಿರುವ ಅಡ್ಡದಾರಿ ಈ ತತ್ವದಡಿ ಬರುವುದಿಲ್ಲ. ಬರೆಸಿಬಿಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ನಮ್ಮ ಅಂಗಳದ ಮೂಲಕ ತಮಗೆ ದಾರಿ ಬೇಕು ಅಂತ ಮಾರುವವರು ಕೇಳುತ್ತಿದ್ದಾರೆ.

ಅವರ ಜಾಗಕ್ಕೆ ಬೇರೆ ದಾರಿ ಇಲ್ಲದಿದ್ದರೆ ಅದು ನ್ಯಾಯವಾದ ಬೇಡಿಕೆ. ಕೊಡಿ, ಆದರೆ ಮಿತಿ ಹಾಕಿ ಕೊಡಿ. ಇವತ್ತು ಒಂದು ತೋಟಕ್ಕೆ ಹೋಗುವ ದಾರಿ, ನಾಳೆ ಅಲ್ಲಿ ಹನ್ನೆರಡು ಮನೆ ಎದ್ದರೆ ಹನ್ನೆರಡು ಮನೆಯ ಗಾಡಿಗಳ ದಾರಿ ಆಗಬಾರದು. ಯಾವ ಬಳಕೆಗೆ, ಎಷ್ಟು ಮನೆಗಳಿಗೆ ಎಂದು ಬರೆಸಿ.

ಬಾಯಿಬಿಟ್ಟು ಬರೆಸದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ಇದೆ, 1879ರ ವೀಲ್ಡನ್ ಮತ್ತು ಬರೋಸ್ ಪ್ರಕರಣ. ಒಬ್ಬರಿಗೆ ಒಂದು ಕಾರ್ಯಾಗಾರ ಮತ್ತು ಪಕ್ಕದ ಖಾಲಿ ಜಾಗ ಇತ್ತು. ಕಾರ್ಯಾಗಾರದ ಕಿಟಕಿಗಳಿಗೆ ಬೆಳಕು ಬರುತ್ತಿದ್ದದ್ದು ಆ ಖಾಲಿ ಜಾಗದ ಕಡೆಯಿಂದ. ಅವರು ಮೊದಲು ಖಾಲಿ ಜಾಗ ಮಾರಿದರು. ಬೆಳಕಿನ ಬಗ್ಗೆ ಪತ್ರದಲ್ಲಿ ಏನೂ ಹಾಕಲಿಲ್ಲ. ಆಮೇಲೆ ಕಾರ್ಯಾಗಾರವನ್ನೂ ಇನ್ನೊಬ್ಬರಿಗೆ ಮಾರಿದರು. ಖಾಲಿ ಜಾಗದವರು ಬೆಳಕಿಗೆ ಅಡ್ಡ ಮಾಡಿದಾಗ ಕೋರ್ಟು ಅವರ ಪರವಾಗಿಯೇ ಹೇಳಿತು. ಮಾರುವವರಿಗೆ ಹಕ್ಕು ಬೇಕಿದ್ದರೆ ಮಾರುವಾಗಲೇ ಬರೆಸಿಕೊಳ್ಳಬೇಕಿತ್ತು ಎಂಬುದು ತೀರ್ಪಿನ ಸಾರ. ಭಾರತದ ಕಾಯಿದೆ ಮಾರುವವರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ರಕ್ಷಣೆ ಕೊಡುತ್ತದೆ. ಅಂದರೆ ಪತ್ರದಲ್ಲಿ ಇಲ್ಲದ ಹಕ್ಕನ್ನೂ ಅವರು ನಿಮ್ಮ ಮೇಲೆ ಕೇಳಬಹುದು. ಬೇಡವಾದದ್ದನ್ನು "ಇಂಥ ಹಕ್ಕು ಇರುವುದಿಲ್ಲ" ಎಂದು ಸ್ಪಷ್ಟವಾಗಿ ಹಾಕಿಸುವುದೂ ಅಷ್ಟೇ ಮುಖ್ಯ.

ಖಾಲಿ ಜಾಗದಲ್ಲಿ ನಾಳೆ ಐದು ಮಹಡಿ ಎದ್ದರೆ?

ಎದ್ದೀತು. ನೋಟ ಚೆನ್ನಾಗಿದೆ ಎಂದು ಮನೆ ಕೊಂಡರೆ ಆ ನೋಟಕ್ಕೆ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಇಲ್ಲ. ಬೇಕಾದರೆ ಷರತ್ತು ಬರೆಸಬೇಕು: ಇಷ್ಟು ಎತ್ತರ ಮೀರಬಾರದು, ಗಡಿಯಿಂದ ಇಷ್ಟು ದೂರ ಬಿಡಬೇಕು, ಕಾರ್ಖಾನೆ ಹಾಕಬಾರದು, ಹೀಗೆ.

ಇಂಥ ಷರತ್ತು ಮುಂದಿನವರನ್ನೂ ಕಟ್ಟಿಹಾಕುತ್ತದೆಯೇ ಎಂಬ ಪ್ರಶ್ನೆಗೆ 1848ರ ಟಲ್ಕ್ ಮತ್ತು ಮಾಕ್ಸೆ ಪ್ರಕರಣ ದಾರಿ ತೋರಿಸಿತು. ಲಂಡನ್ನಿನ ಲೀಸ್ಟರ್ ಚೌಕದ ಮನೆಗಳ ಮಾಲೀಕರು 1808ರಲ್ಲಿ ಚೌಕದ ನಡುವಿನ ತೋಟವನ್ನು ಮಾರಿದರು. ಅಲ್ಲಿ ಕಟ್ಟಡ ಕಟ್ಟಬಾರದು ಎಂಬ ಷರತ್ತು ಹಾಕಿದ್ದರು. ಕೈಯಿಂದ ಕೈಗೆ ದಾಟಿ ತೋಟ ಹೊಸಬರ ಪಾಲಾಯಿತು. ಅವರ ಪತ್ರದಲ್ಲಿ ಆ ಷರತ್ತು ಇರಲಿಲ್ಲ, ಆದರೆ ವಿಷಯ ಗೊತ್ತಿತ್ತು. ಗೊತ್ತಿದ್ದೂ ಕೊಂಡದ್ದರಿಂದ ಷರತ್ತು ಅವರಿಗೂ ಅನ್ವಯಿಸುತ್ತದೆ ಎಂದು ಕೋರ್ಟು ಹೇಳಿತು. ಭಾರತದ 1882ರ ಆಸ್ತಿ ವರ್ಗಾವಣೆ ಕಾಯಿದೆಯ 40ನೇ ಕಲಮಿನಲ್ಲೂ ಇದೇ ಧಾಟಿ ಇದೆ. ಗೊತ್ತಿತ್ತು ಎಂದು ತೋರಿಸಲು ಒಳ್ಳೆಯ ದಾರಿ ಎಂದರೆ ನೋಂದಣಿ.

"ಕಟ್ಟಬಾರದು" ಎಂಬಂಥ ಷರತ್ತು ಮುಂದಿನವರ ಮೇಲೂ ಸುಲಭವಾಗಿ ನಿಲ್ಲುತ್ತದೆ. "ಬೇಲಿ ರಿಪೇರಿ ಮಾಡುತ್ತಿರಬೇಕು" ಎಂಬಂಥದ್ದು ಹಲವು ಕಡೆ ಮೊದಲು ಒಪ್ಪಿದವರಿಗೆ ಮಾತ್ರ ಅನ್ವಯ. ಹಾಗಾಗಿ ಮುಖ್ಯವಾದ ಬೇಲಿ, ಗೋಡೆ ನಿಮ್ಮ ಜಾಗದಲ್ಲೇ, ನಿಮ್ಮ ಖರ್ಚಿನಲ್ಲೇ ಇದ್ದರೆ ನೆಮ್ಮದಿ.

ಮುಂದೆ ಆ ಜಾಗ ಮಾರಿದರೆ ಮೊದಲು ನಮಗೇ ಕೊಡಬೇಕು ಅಂತ ಬರೆಸಬಹುದಾ?

ಬರೆಸಬಹುದು, ಬರೆಸಿ. ಹೊರಗಿನವರು ಕೊಡಲು ಒಪ್ಪಿದ ಬೆಲೆ ತಿಳಿಸಬೇಕು, ಉತ್ತರ ಕೊಡಲು ಇಷ್ಟು ದಿನ ಸಮಯ, ಮಕ್ಕಳಿಗೆ ದಾನ ಕೊಟ್ಟರೆ ಇದು ಅನ್ವಯಿಸುತ್ತದೋ ಇಲ್ಲವೋ, ಇಷ್ಟು ಸ್ಪಷ್ಟವಾಗಿರಲಿ. ಬೆಲೆ ಈಗಲೇ ನಿಗದಿ ಮಾಡುತ್ತೇವೆ ಎಂದರೆ ಮಾರುವವರು ಒಪ್ಪುವುದು ಕಷ್ಟ.

ಮುಂದೆ ನೀವು ಅದನ್ನೂ ಕೊಂಡರೆ ಎರಡೂ ಜಾಗ ಒಬ್ಬರದೇ ಆಗಿ ಹಳೆಯ ದಾರಿ ಹಕ್ಕು ಅಳಿಯುತ್ತದೆ. ಮತ್ತೆ ಬೇರೆ ಮಾಡಿ ಮಾರುವಾಗ ಹೊಸದಾಗಿ ಬರೆಸಬೇಕು.

ದಾರಿ ಹಕ್ಕಿನ ಪತ್ರ ನಿಧಾನವಾಗಿ ಮಾಡಿಕೊಳ್ಳೋಣ ಅಂತಾರೆ.

ಒಪ್ಪಲೇಬೇಡಿ. ಕ್ರಯಪತ್ರದ ದಿನವೇ, ಕ್ರಯಪತ್ರದಲ್ಲೇ ಅಥವಾ ಅದರ ಜೊತೆ ನೋಂದಣಿಯಾಗುವ ಇನ್ನೊಂದು ಪತ್ರದಲ್ಲಿ ಆಗಬೇಕು. ನಡುವೆ ಅವರು ಉಳಿದ ಜಾಗ ಮಾರಿಬಿಟ್ಟರೆ ನಿಮಗೆ ಹಕ್ಕು ಬರೆದುಕೊಡಲು ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಿಮಗೆ ಚೌಕಾಸಿ ಮಾಡುವ ಬಲ ಇರುವುದು ಹಣ ಕೊಡುವ ಕ್ಷಣದವರೆಗೆ.

ಬೆಲೆ ಹೇಗೆ ಲೆಕ್ಕ ಹಾಕೋದು?

ಒಟ್ಟು ಆಸ್ತಿಯ ಬೆಲೆಯಲ್ಲಿ ಉಳಿಸಿಕೊಂಡ ಚದರಡಿ ಕಳೆದರೆ ಸರಿಯಾದ ಬೆಲೆ ಬರುವುದಿಲ್ಲ. ರಸ್ತೆ ಬದಿಯ ಜಾಗ ಅವರಲ್ಲೇ ಉಳಿದರೆ ನಿಮ್ಮ ಮನೆಯ ಬೆಲೆ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಹಿಂದಿನ ಮೂಲೆಯ ದಾರಿ ಇಲ್ಲದ ತುಂಡು ಉಳಿದರೆ ಹೆಚ್ಚೇನೂ ಇಳಿಯುವುದಿಲ್ಲ. ನಿಮ್ಮ ಮೇಲೆ ದಾರಿ ಹಕ್ಕು ಬಂದರೆ ಅದಕ್ಕೂ ಕಳೆಯಬೇಕು. ನೀವು ಸಾಲ ಮಾಡುವುದಾದರೆ ಬ್ಯಾಂಕಿನ ಮೌಲ್ಯಮಾಪಕರಿಗೆ ಹೊಸ ನಕ್ಷೆಯನ್ನೇ ಕೊಡಿ. ಹಳೆಯ ಪೂರ್ತಿ ಜಾಗದ ಮೇಲೆ ಹಾಕಿದ ಬೆಲೆ ಉಪಯೋಗಕ್ಕೆ ಬರುವುದಿಲ್ಲ.

ತೆರಿಗೆ ಮತ್ತು ದಾಖಲೆ?

ಎರಡು ಆಸ್ತಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ತೆರಿಗೆ ಆಗಬೇಕು. ಅಲ್ಲಿಯವರೆಗಿನ ಬಾಕಿ ಯಾರದು ಎಂದು ಬರೆದುಕೊಳ್ಳಿ.

ಅವರ ಸಾಮಾನು ನಮ್ಮ ಶೆಡ್ಡಿನಲ್ಲೇ ಇದೆ, ಹಣ್ಣಿನ ಮರದ ಫಲ ತಮಗೆ ಬೇಕಂತೆ.

ಒಂದು ತಾರೀಕು ಹಾಕಿಸಿ, ಅಷ್ಟರೊಳಗೆ ತೆಗೆಯಲಿ. ಮರ ಯಾರ ನೆಲದಲ್ಲಿದೆಯೋ ಅವರದು ಎಂದಿಟ್ಟುಕೊಳ್ಳಿ. ಗಡಿಯ ಮೇಲೇ ನಿಂತ ಮರವಿದ್ದರೆ ಯಾರದು ಎಂದು ಹೆಸರು ಹಿಡಿದು ಬರೆಸಿ. ಪ್ರೀತಿಯಿಂದ ಹಣ್ಣು ಕೊಡುವುದು ನಿಮಗೆ ಬಿಟ್ಟದ್ದು, ಅದನ್ನು ಹಕ್ಕಾಗಿ ಬರೆದುಕೊಡಬೇಡಿ.

ಇಬ್ಬರಿಗೂ ಒಬ್ಬರೇ ವಕೀಲರು ಸಾಕಲ್ವಾ?

ಇಂಥ ವ್ಯವಹಾರದಲ್ಲಿ ಸಾಲದು. ಪ್ರತಿ ಷರತ್ತಿನಲ್ಲೂ ಒಬ್ಬರ ಲಾಭ ಇನ್ನೊಬ್ಬರ ಹೊರೆ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಕರಡು ಓದಲು ಕೊಡುವ ಮೊದಲು ಅವರನ್ನು ಒಮ್ಮೆ ಜಾಗಕ್ಕೆ ಕರೆದುಕೊಂಡು ಹೋಗಿ. ಕಾಗದದಲ್ಲಿ ಕಾಣದ ಚೇಂಬರು, ಪೈಪು, ಗೇಟು ಅಲ್ಲಿ ಕಾಣುತ್ತವೆ.

ಯಾವಾಗ ಬೇಡ ಅಂತ ಎದ್ದುಬರಬೇಕು?

ದಾರಿ ಹಕ್ಕನ್ನು ಬರೆದುಕೊಡಲು ಒಪ್ಪದಿದ್ದರೆ. ಬ್ಯಾಂಕಿನ ಬಿಡುಗಡೆ ಪತ್ರ ಆಮೇಲೆ ಕೊಡುತ್ತೇವೆ ಎಂದರೆ. ಸರ್ವೆ ಮಾಡಿಸಲು ಬಿಡದಿದ್ದರೆ. ಉಳಿದ ಜಾಗದ ಪಾಲುದಾರರಲ್ಲಿ ಒಬ್ಬರು ಸಹಿಗೆ ಬರದಿದ್ದರೆ. ಈ ನಾಲ್ಕರಲ್ಲಿ ಒಂದಿದ್ದರೂ ಮುಂಗಡ ಕೊಡಬೇಡಿ. ಮಿಕ್ಕಿದ್ದೆಲ್ಲ ಕೂತು ಮಾತಾಡಿದರೆ ಬಗೆಹರಿಯುತ್ತದೆ.